ಪೂರ್ತಿ ಬ್ಯಾಂಡ್ ಜೊತೆ ಲೈವ್ ಆಲ್ಬಂ ತರುವುದು ಹೇಗೆ: ಸೆಟ್ ಲಿಸ್ಟ್‌ನಿಂದ ಬಿಡುಗಡೆ ದಿನದವರೆಗೆ

ಗಿಟಾರ್ ಒಂದನ್ನೇ ಇಟ್ಟುಕೊಂಡು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ಹಾಡು, ಒಂದೆರಡು ವರ್ಷ ಊರೂರು ತಿರುಗಿದ ಮೇಲೆ ಬೇರೆಯೇ ಆಗಿರುತ್ತದೆ. ಡ್ರಮ್ಸ್ ಸೇರಿರುತ್ತದೆ. ಕೊಳಲು ಪಲ್ಲವಿಗೆ ಉತ್ತರ ಕೊಡಲು ಶುರು ಮಾಡಿರುತ್ತದೆ. ಎರಡನೇ ಚರಣ ಬಂತೆಂದರೆ ಜನ ತಾವೇ ಚಪ್ಪಾಳೆಯಲ್ಲಿ ತಾಳ ಹಿಡಿಯುತ್ತಾರೆ. ಶೋ ಮುಗಿದ ಮೇಲೆ ಯಾರೋ ಬಂದು, 'ಇವತ್ತು ಹಾಡಿದಿರಲ್ಲ, ಹಾಗೇ ಇರೋದು ಎಲ್ಲಿ ಸಿಗುತ್ತೆ?' ಅಂತ ಕೇಳುತ್ತಾರೆ. ಎಲ್ಲೂ ಸಿಗುವುದಿಲ್ಲ. ಲೈವ್ ಆಲ್ಬಂ ಮಾಡಬೇಕಾಗಿರುವುದು ಹೀಗೆ ಕೇಳುವವರಿಗಾಗಿ.

ಸ್ವಂತ ಹಾಡು ಬರೆದು, ಬ್ಯಾಂಡ್ ಕಟ್ಟಿಕೊಂಡು ತಿರುಗುವ ಕನ್ನಡದ ಹಾಡುಗಾರರು ಲೈವ್ ವಿಡಿಯೋ ಹಾಕುತ್ತಾರೆ. ಲೈವ್ ಆಲ್ಬಂ ಅಂದರೆ ಹಿಂದೆ ಸರಿಯುತ್ತಾರೆ, ದುಡ್ಡು ಜಾಸ್ತಿ ಆಗುತ್ತದೆ ಅಂತ. ನನ್ನ ಅನುಭವದಲ್ಲಿ ದುಡ್ಡಿಗಿಂತ ತಯಾರಿಯ ಪ್ರಶ್ನೆ ದೊಡ್ಡದು. ಈ ಕೆಲಸದ ಮುಕ್ಕಾಲು ಪಾಲು ಶೋಗಿಂತ ಮುಂಚೆ ಮುಗಿದಿರಬೇಕು. ಎಲ್ಲ ಮುಗಿದ ಮೇಲೆ ಸೌಂಡ್‌ನವರ ಹತ್ತಿರ ಹೋಗಿ 'ರೆಕಾರ್ಡಿಂಗ್ ಇದ್ದರೆ ಕೊಡಿ' ಅಂದರೆ ಸಿಗುವುದು ಪೆನ್ ಡ್ರೈವ್‌ನಲ್ಲಿ ಎರಡು ಚಾನೆಲ್‌ನ ಒಂದು ಫೈಲ್. ಅದರಲ್ಲಿ ನಿಮ್ಮ ದನಿ ಕಿವಿಗೆ ಅಂಟಿದಂತೆ, ಡ್ರಮ್ಸ್ ಎಲ್ಲೋ ದೂರದಲ್ಲಿ, ಜನ ಇಲ್ಲವೇ ಇಲ್ಲ. ಅದು ಸೌಂಡ್‌ನವರ ತಪ್ಪಲ್ಲ. ಡ್ರಮ್ಸ್, ಗಿಟಾರ್ ಆಂಪ್ ಹಾಲ್‌ನಲ್ಲಿ ತಾವಾಗೇ ಜೋರಾಗಿ ಕೇಳುತ್ತವೆ. ಹಾಗಾಗಿ ಸ್ಪೀಕರ್‌ಗೆ ಅವನ್ನು ಕಮ್ಮಿ ಕಳಿಸಿರುತ್ತಾರೆ. ಆ ಮಿಕ್ಸ್ ಆ ಹಾಲ್‌ಗೆ ಮಾತ್ರ ಸರಿ.

ಮೊದಲ ಹೆಜ್ಜೆ: ಯಾವ ಹಾಡು ಯಾರದ್ದು?

ಮೈಕ್ ಬಗ್ಗೆ ಯೋಚಿಸುವ ಮುಂಚೆ ಸೆಟ್ ಲಿಸ್ಟ್ ಎದುರಿಗೆ ಇಟ್ಟುಕೊಳ್ಳಿ. ಒಂದೊಂದು ಹಾಡಿನ ಮುಂದೆಯೂ ಬರೆಯಿರಿ: ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು, ಮೊದಲು ರೆಕಾರ್ಡ್ ಆಗಿದ್ದು ಯಾವಾಗ, ಆ ರೆಕಾರ್ಡಿಂಗ್ ಯಾರ ಕೈಯಲ್ಲಿದೆ.

ಎರಡೂ ನಿಮ್ಮದೇ ಆದ ಹಾಡಿಗೆ ತೊಂದರೆ ಇಲ್ಲ ಅನಿಸಬಹುದು. ಆದರೂ ಹಿಂದೆ ಯಾವುದಾದರೂ ಆಡಿಯೋ ಕಂಪನಿಗೆ ಆ ಹಾಡು ಕೊಟ್ಟಿದ್ದರೆ ಹಳೆಯ ಒಪ್ಪಂದ ತೆಗೆದು ಓದಿ. ಇಂತಿಷ್ಟು ವರ್ಷ ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡುವಂತಿಲ್ಲ ಅನ್ನುವ ಷರತ್ತು ಒಪ್ಪಂದಗಳಲ್ಲಿ ಇರುತ್ತದೆ. ಲೈವ್ ರೆಕಾರ್ಡಿಂಗ್ ಕೂಡ ರೆಕಾರ್ಡಿಂಗೇ.

ನಮ್ಮಲ್ಲಿ ಜಾಸ್ತಿ ಜನ ಎಡವುವುದು ಜಾನಪದ, ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳ ವಿಷಯದಲ್ಲಿ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಸಾಹಿತ್ಯವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಹಾಡುತ್ತಿರುವ ಧಾಟಿ ಯಾವುದು? ಶರೀಫರ ಪದಗಳು ಇವತ್ತು ನಮ್ಮ ಬಾಯಲ್ಲಿ ಬರುವುದು ಬಹುಪಾಲು ಸಿ. ಅಶ್ವಥ್ ಅವರ ಧಾಟಿಯಲ್ಲಿ. ಅಶ್ವಥ್ ನಿಧನರಾಗಿದ್ದು 2009ರಲ್ಲಿ, ಅವರ ಸಂಯೋಜನೆಗೆ ಕಾಪಿರೈಟ್ ಇದೆ. ಪದ ಹಳೆಯದು, ರಾಗ ಹೊಸದು. ಸ್ವಂತ ಧಾಟಿ ಕಟ್ಟಿ, ಇಲ್ಲವೇ ಅನುಮತಿ ತೆಗೆದುಕೊಳ್ಳಿ.

ಕವಿಗಳ ಪದ್ಯ ಹಾಡುವವರು ಒಂದು ಲೆಕ್ಕ ನೆನಪಿಡಿ. ನಮ್ಮ ದೇಶದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಇರುತ್ತದೆ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಕುವೆಂಪು 1994ರಲ್ಲಿ, 2054ರ ಕೊನೆಯವರೆಗೆ. ಕುಟುಂಬದವರನ್ನೋ ಟ್ರಸ್ಟ್‌ನವರನ್ನೋ ಹುಡುಕಿ, ಪತ್ರ ಬರೆದು, ಲಿಖಿತ ಒಪ್ಪಿಗೆ ಪಡೆಯಿರಿ. ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಮೊದಲ ಹೆಜ್ಜೆಯಾಗಿ ಹೇಳುತ್ತಿರುವುದು ಅದಕ್ಕೇ.

ಇನ್ನು ಸಿನಿಮಾ ಹಾಡು. ಶೋನಲ್ಲಿ ಜನ ಕೇಳುತ್ತಾರೆ, ಹಾಡುತ್ತೀರಿ, ಸರಿ. ಆದರೆ ಆಯೋಜಕರು ಐಪಿಆರ್‌ಎಸ್ (ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ರಾಯಲ್ಟಿ ವಸೂಲು ಮಾಡುವ ಸಂಸ್ಥೆ) ಲೈಸೆನ್ಸ್ ತೆಗೆದುಕೊಂಡಿದ್ದಾರೆ ಅಂದರೆ ವೇದಿಕೆ ಮೇಲೆ ಹಾಡಲು ಅನುಮತಿ ಸಿಕ್ಕಿದೆ ಅಂತ ಮಾತ್ರ. ಅದನ್ನು ರೆಕಾರ್ಡ್ ಮಾಡಿ ಬಿಡುಗಡೆ ಮಾಡಲು ಅನುಮತಿ ಸಿಕ್ಕಿಲ್ಲ. ಕಾಪಿರೈಟ್ ಕಾಯ್ದೆಯ 31ಸಿ ಸೆಕ್ಷನ್‌ನಲ್ಲಿ ಕವರ್ ಹಾಡಿಗೆ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ರೆಕಾರ್ಡ್ ಮಾಡುವುದಕ್ಕೆ, ಒಂದು ದಾರಿ ಇದೆ. ಆದರೆ ಮೂಲ ಹಾಡು ರೆಕಾರ್ಡ್ ಆದ ವರ್ಷ ಮುಗಿದು 5 ವರ್ಷ ಆಗಿರಬೇಕು, ಮುಂಚೆಯೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನದ ಲೆಕ್ಕ ಕಟ್ಟಬೇಕು, ಹಾಡನ್ನು ಬೇಕಾದ ಹಾಗೆ ಬದಲಾಯಿಸುವಂತಿಲ್ಲ. ಸ್ವಂತ ಖರ್ಚಿನಲ್ಲಿ ಆಲ್ಬಂ ತರುವವರಿಗೆ ಇದು ಕೈಗೆಟುಕುವ ದಾರಿ ಅಲ್ಲ. ಹಕ್ಕು ಇರುವ ಕಂಪನಿಯ ಜೊತೆ ನೇರ ಮಾತಾಡಿ ಒಪ್ಪಿಸಬಹುದು. ನನ್ನ ಸಲಹೆ ಕೇಳಿದರೆ ಮೊದಲ ಲೈವ್ ಆಲ್ಬಂನಲ್ಲಿ ಸಿನಿಮಾ ಹಾಡು ಬೇಡ. ನಡುವೆ ತಮಾಷೆಗೆ ಎರಡು ಸಾಲು ಗುನುಗಿದರೂ ಅದನ್ನು ಎಡಿಟ್‌ನಲ್ಲಿ ತೆಗೆಯಬೇಕಾಗುತ್ತದೆ. ಶೋಗೆ ಮುಂಚೆ ಸ್ಪೀಕರ್‌ನಲ್ಲಿ ಹಾಕಿದ ಹಾಡು ಮೊದಲ ಟ್ರ್ಯಾಕ್‌ನ ಶುರುವಿನಲ್ಲಿ ನುಸುಳಿದರೂ ಅಷ್ಟೇ.

ಬ್ಯಾಂಡ್‌ನವರ ಜೊತೆ ಕಾಗದ

ಗೆಳೆಯರೇ ಆಗಿದ್ದರೂ ಬರೆದಿಡಿ. ಗೆಳೆಯರಾಗಿದ್ದರೆ ಇನ್ನೂ ಮುಖ್ಯ. ಪ್ರದರ್ಶನ ಕೊಟ್ಟ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಮಾರುವಂತಿಲ್ಲ. 2012ರ ತಿದ್ದುಪಡಿ ಆದ ಮೇಲೆ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿ ಪಡೆಯುವ ಹಕ್ಕನ್ನೂ ಕಾಯ್ದೆ ಗುರುತಿಸುತ್ತದೆ.

ಒಂದು ಪುಟ ಸಾಕು. ಯಾವ ದಿನದ, ಯಾವ ಜಾಗದ ಪ್ರದರ್ಶನ ರೆಕಾರ್ಡ್ ಆಗುತ್ತಿದೆ, ಆ ದಿನದ ಸಂಭಾವನೆ ಎಷ್ಟು, ಆಲ್ಬಂನಿಂದ ಬಂದ ಹಣದಲ್ಲಿ ಪಾಲು ಇದೆಯೇ, ಇದ್ದರೆ ಖರ್ಚು ಕಳೆದ ಮೇಲೋ ಕಳೆಯುವ ಮುಂಚೆಯೋ, ಹೆಸರು ಎಲ್ಲಿ ಹೇಗೆ ಬರುತ್ತದೆ. ಬ್ಯಾಂಡ್ ಜೊತೆ ಸೇರಿ ಕಟ್ಟಿದ ಹಾಡಾದರೆ ಸಂಯೋಜನೆಯಲ್ಲಿ ಅವರಿಗೆ ಎಷ್ಟು ಪಾಲು ಅನ್ನುವುದನ್ನೂ ಬರೆಯಿರಿ. ಕೊಳಲಿನವರು ಹುಟ್ಟಿಸಿದ ಒಂದು ಸಾಲು ಹಾಡಿನ ಗುರುತೇ ಆಗಿಬಿಟ್ಟಿರುತ್ತದೆ, ಅಲ್ವಾ? ಅದಕ್ಕೆ ಹೆಸರು ಕೊಡುವುದು ನ್ಯಾಯ.

ಸೌಂಡ್ ಎಂಜಿನಿಯರ್, ಫೋಟೋ ತೆಗೆಯುವವರು, ಕ್ಯಾಮೆರಾದವರು, ಅತಿಥಿ ಗಾಯಕರು ಎಲ್ಲರಿಂದಲೂ ಇದೇ ತರದ ಒಪ್ಪಿಗೆ ಬೇಕು. ಹಾಲ್‌ನವರಿಂದ ರೆಕಾರ್ಡಿಂಗ್‌ಗೆ ಅನುಮತಿ ಕೇಳಿ. ಕೆಲವು ಕಡೆ ಅದಕ್ಕೆ ಬೇರೆ ಶುಲ್ಕ ಇರುತ್ತದೆ. ಪ್ರೇಕ್ಷಕರಿಗೆ ಬಾಗಿಲ ಬಳಿ ದೊಡ್ಡ ಅಕ್ಷರದಲ್ಲಿ ಒಂದು ಫಲಕ, ಟಿಕೆಟ್ ಮೇಲೆ ಒಂದು ಸಾಲು: ಈ ಕಾರ್ಯಕ್ರಮ ಆಲ್ಬಂಗಾಗಿ ರೆಕಾರ್ಡ್ ಆಗುತ್ತಿದೆ. ಅದನ್ನು ಓದಿದ ಜನ ಇನ್ನೂ ಹುರುಪಿನಿಂದ ಹಾಡುತ್ತಾರೆ ಅನ್ನುವುದೂ ಒಂದು ಲಾಭ.

ಯಾವ ಶೋ, ಯಾವ ಹಾಲ್

ನವೆಂಬರ್ ಬಂತೆಂದರೆ ಕನ್ನಡ ಬ್ಯಾಂಡ್‌ಗಳಿಗೆ ಬಿಡುವಿಲ್ಲ. ರಾಜ್ಯೋತ್ಸವದ ವೇದಿಕೆಗಳು ದೊಡ್ಡವು, ಜನ ಸಾವಿರಾರು. ಹಾಗಂತ ಅಲ್ಲಿ ರೆಕಾರ್ಡ್ ಮಾಡಲು ಹೋಗಬೇಡಿ. ಭಾಷಣ ಉದ್ದವಾಗಿ ನಿಮ್ಮ ಸಮಯ ಅರ್ಧ ಆಗುತ್ತದೆ. ಸೌಂಡ್ ಚೆಕ್‌ಗೆ ಅವಕಾಶವೇ ಸಿಗುವುದಿಲ್ಲ. ಹಿಂದುಗಡೆ ಜನರೇಟರ್ ಗುರ್ ಅನ್ನುತ್ತಿರುತ್ತದೆ. ಮಾರ್ಗ ಇದು: ಆ ತಿಂಗಳ ಶೋಗಳನ್ನು ರಿಹರ್ಸಲ್ ಅಂತ ತಿಳಿಯಿರಿ. ಅಷ್ಟು ವೇದಿಕೆ ಹತ್ತಿ ಇಳಿದ ಬ್ಯಾಂಡ್ ತಿಂಗಳ ಕೊನೆಗೆ ಒಂದೇ ಉಸಿರಲ್ಲಿ ನುಡಿಸುತ್ತದೆ. ಆಗ, ನವೆಂಬರ್ ಕೊನೆಗೋ ಡಿಸೆಂಬರ್ ಶುರುವಿಗೋ, ಒಂದು ಮುಚ್ಚಿದ ಹಾಲ್‌ನಲ್ಲಿ ಟಿಕೆಟ್ ಇಟ್ಟು ನಿಮ್ಮದೇ ಶೋ ಮಾಡಿ. ದುಡ್ಡು ಕೊಟ್ಟು ನಿಮ್ಮ ಹಾಡು ಕೇಳಲೆಂದೇ ಬಂದವರು ಮುನ್ನೂರು ಜನ ಇದ್ದರೂ ಸಾಕು.

ಹಾಲ್ ಆರಿಸುವಾಗ ಖಾಲಿ ಹಾಲ್‌ನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಮೃದುವಾಗಿ ಕರಗಿದರೆ ಒಳ್ಳೆಯದು. ಹಿಂದಿನ ಗೋಡೆಯಿಂದ ಟಪ್ ಅಂತ ವಾಪಸ್ ಬಂದರೆ ಡ್ರಮ್ಸ್ ಅಲ್ಲಿ ಕಷ್ಟ ಕೊಡುತ್ತದೆ. ಕಲ್ಯಾಣ ಮಂಟಪಗಳು ಬಹುಪಾಲು ಹೀಗೇ: ಗ್ರಾನೈಟ್ ನೆಲ, ಬರಿ ಗೋಡೆ. ಬೆಂಗಳೂರಿನ ಚೌಡಯ್ಯ ಹಾಲ್, ರವೀಂದ್ರ ಕಲಾಕ್ಷೇತ್ರ, ಮೈಸೂರಿನ ಕಲಾಮಂದಿರದಂಥ ಕಡೆ ಕುರ್ಚಿ, ಪರದೆ, ಎತ್ತರದ ಛಾವಣಿ ಇರುವುದರಿಂದ ಕೆಲಸ ಸುಲಭ. ಎಸಿ ಸದ್ದು ಎಷ್ಟು, ಫ್ಯಾನ್ ಕಿರುಗುಟ್ಟುತ್ತದೆಯೇ, ಹೊರಗಿನ ರಸ್ತೆಯ ಹಾರ್ನ್ ಒಳಗೆ ಕೇಳುತ್ತದೆಯೇ ಅಂತ ಸಂಜೆ ಹೊತ್ತಿನಲ್ಲೇ ಹೋಗಿ ಕೇಳಿ. ಬಯಲು ಜಾಗವೇ ಬೇಕೆಂದರೆ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ ಅನ್ನುವ ನಿಯಮ ಗಮನದಲ್ಲಿರಲಿ. ಕೊನೆಯ ಹಾಡಿನ ನಡುವೆ ಸೌಂಡ್ ಆಫ್ ಆದರೆ ಆಲ್ಬಂಗೆ ಮುಕ್ತಾಯವೇ ಇರುವುದಿಲ್ಲ.

ಸಾಧ್ಯವಾದರೆ ಒಂದಲ್ಲ, ಎರಡು ರಾತ್ರಿ ರೆಕಾರ್ಡ್ ಮಾಡಿ. ಒಂದೇ ಹಾಲ್‌ನಲ್ಲಿ ಎರಡು ದಿನ ಸಿಕ್ಕರೆ ಅತ್ಯುತ್ತಮ. ಮೈಕ್ ಜಾಗ ಬದಲಾಗದೆ ಇದ್ದರೆ ಮೊದಲ ದಿನದ ಚರಣವನ್ನು ಎರಡನೇ ದಿನದ ಪಲ್ಲವಿಗೆ ಜೋಡಿಸಬಹುದು. ಅದಕ್ಕಿಂತ ದೊಡ್ಡ ಲಾಭ ಮನಸ್ಸಿಗೆ: ಇದೊಂದೇ ಅವಕಾಶ ಅನ್ನುವ ಭಯ ಹೋದಾಗ ಎಲ್ಲರೂ ಬಿಚ್ಚಿ ನುಡಿಸುತ್ತಾರೆ.

ರಿಹರ್ಸಲ್‌ನಲ್ಲಿ ಗಮನ ಕೊಡಬೇಕಾದ್ದು

ಹಾಡು ನಿಮಗೆ ಗೊತ್ತಿದೆ. ಅಭ್ಯಾಸ ಬೇಕಿರುವುದು ಹಾಡಿನ ಶುರು ಮತ್ತು ಕೊನೆಗೆ. ಕೊನೆಯ ಸ್ವರ ಪೂರ್ತಿ ಕರಗುವ ತನಕ ಯಾರೂ ಅಲುಗಾಡಬಾರದು, ಕೋಲು ಕೆಳಗಿಡಬಾರದು, ಗಿಟಾರ್ ಕೇಬಲ್ ಕೀಳಬಾರದು, 'ಥ್ಯಾಂಕ್ ಯೂ' ಅಂತ ಅದರ ಮೇಲೆ ಮಾತಾಡಬಾರದು. ಆ ನಾಲ್ಕು ಸೆಕೆಂಡ್ ಸುಮ್ನೆ ನಿಂತರೆ ಚಪ್ಪಾಳೆ ತಾನಾಗಿ ಏಳುತ್ತದೆ. ಲೈವ್ ಆಲ್ಬಂ ಕೇಳುವಾಗ ಮೈ ಜುಮ್ಮೆನ್ನುವುದು ಅಲ್ಲೇ.

ಎರಡು ರಾತ್ರಿ ರೆಕಾರ್ಡ್ ಮಾಡುವುದಾದರೆ ಎರಡು ದಿನವೂ ಒಂದೇ ಶ್ರುತಿ, ಒಂದೇ ವೇಗ ಇರಬೇಕು. ಡ್ರಮ್ಮರ್ ಕಿವಿಗೆ ಮಾತ್ರ ಕ್ಲಿಕ್ (ವೇಗ ತೋರಿಸುವ ಟಿಕ್ ಟಿಕ್ ಸದ್ದು) ಕೊಡುವುದು ಒಂದು ದಾರಿ. ಜಾನಪದದ ಹಾಡು ಕೊನೆಗೆ ಏರುವುದೇ ಅದರ ಜೀವ, ಅಂಥದ್ದನ್ನು ಕ್ಲಿಕ್‌ಗೆ ಕಟ್ಟಬೇಡಿ. ಶುರುವಿನ ವೇಗವನ್ನು ಮಾತ್ರ ಲೈಟ್ ಮಿನುಗುವ ಮೆಟ್ರೋನೋಮ್‌ನಲ್ಲಿ ನೋಡಿಕೊಂಡು ಬಿಟ್ಟುಬಿಡಿ. ಎಸಿ ಹಾಲ್‌ನಲ್ಲಿ ಕೊಳಲಿನ ಶ್ರುತಿ ಇಳಿಯುತ್ತದೆ, ತಬಲಾ ಚರ್ಮದ ಬಿಗಿ ಬದಲಾಗುತ್ತದೆ. ಹಾಡುಗಳ ನಡುವೆ ಶ್ರುತಿ ಸರಿ ಮಾಡಿಕೊಳ್ಳಲು ಸಮಯ ಇಟ್ಟು, ಆ ಹೊತ್ತಿಗೆ ನೀವು ಏನು ಮಾತಾಡುತ್ತೀರಿ ಅಂತ ಯೋಚಿಸಿಟ್ಟುಕೊಳ್ಳಿ.

ನಿರೂಪಕರ ಜೊತೆಯೂ ಮಾತಾಡಿ. ಚಪ್ಪಾಳೆ ಮುಗಿಯುವ ಮುಂಚೆಯೇ ಮೈಕ್ ಹಿಡಿದು 'ಎಂಥ ಅದ್ಭುತ ಗಾಯನ' ಅಂತ ಶುರು ಮಾಡಿದರೆ ಆ ಟ್ರ್ಯಾಕ್ ಉಳಿಸುವುದು ಕಷ್ಟ. ಶಾಲು, ಹಾರ, ಸ್ಮರಣಿಕೆ ಎಲ್ಲ ಶೋಗೆ ಮುಂಚೆ ಅಥವಾ ಪೂರ್ತಿ ಮುಗಿದ ಮೇಲೆ ಅಂತ ಆಯೋಜಕರಿಗೆ ಪ್ರೀತಿಯಿಂದ, ಆದರೆ ಗಟ್ಟಿಯಾಗಿ ಹೇಳಿ. ನಡುವೆ ಸನ್ಮಾನ ಆದರೆ ಹುರುಪು ಇಳಿದುಹೋಗುತ್ತದೆ, ಅದನ್ನು ಯಾವ ಮಿಕ್ಸಿಂಗೂ ವಾಪಸ್ ತರುವುದಿಲ್ಲ.

ರೆಕಾರ್ಡಿಂಗ್ ವ್ಯವಸ್ಥೆ

ಬೇಕಾಗಿರುವುದು ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್, ಅಂದರೆ ಪ್ರತಿ ಮೈಕ್‌ಗೂ ಬೇರೆ ಬೇರೆ ಫೈಲ್. ಇದಕ್ಕೆ ಹಿಂದೆ ರೆಕಾರ್ಡಿಂಗ್ ಟ್ರಕ್ಕೇ ಬರಬೇಕಿತ್ತು. ಈಗ ಬಾಡಿಗೆಗೆ ಸಿಗುವ ಡಿಜಿಟಲ್ ಮಿಕ್ಸರ್‌ಗಳಲ್ಲೇ ಆಗುತ್ತದೆ. ಬೆಹ್ರಿಂಗರ್ ಎಕ್ಸ್32, ಮಿಡಾಸ್ ಎಂ32ಗಳಲ್ಲಿ ಹಿಂದಿನ ಯುಎಸ್‌ಬಿ ಕಾರ್ಡ್ ಮೂಲಕ 32 ಚಾನೆಲ್ ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಅಲೆನ್ ಅಂಡ್ ಹೀತ್ ಎಸ್‌ಕ್ಯೂ, ಯಮಾಹಾ ಟಿಎಫ್‌ನಲ್ಲೂ ಇಂಥ ವ್ಯವಸ್ಥೆ ಇದೆ. ಎಕ್ಸ್32ರ ಮೇಲ್ಭಾಗದ ಪೆನ್ ಡ್ರೈವ್ ಜಾಗದಲ್ಲಿ ಬರುವುದು ಎರಡು ಚಾನೆಲ್ ಮಾತ್ರ, ಅದನ್ನು ನಂಬಿ ಕೂರಬೇಡಿ. ಎಕ್ಸ್-ಲೈವ್ ಅನ್ನುವ ಕಾರ್ಡ್ ಇದ್ದರೆ ಲ್ಯಾಪ್‌ಟಾಪ್ ಇಲ್ಲದೆಯೂ ಎಸ್‌ಡಿ ಕಾರ್ಡ್‌ಗೆ ರೆಕಾರ್ಡ್ ಆಗುತ್ತದೆ. 32 ಜಿಬಿಯ ಎರಡು ಕಾರ್ಡ್ ಹಾಕಿದರೆ 32 ಚಾನೆಲ್‌ಗೆ ಮೂರು ಗಂಟೆಗೆ ಸ್ವಲ್ಪ ಕಮ್ಮಿ ಸಿಗುತ್ತದೆ. ನನಗೆ ಎರಡೂ ಬೇಕು: ಲ್ಯಾಪ್‌ಟಾಪ್ ಒಂದು, ಕಾರ್ಡ್ ಒಂದು. ಒಂದು ನಿಂತರೆ ಇನ್ನೊಂದು ಇರುತ್ತದೆ.

24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ಒಂದು ಚಾನೆಲ್‌ಗೆ ನಿಮಿಷಕ್ಕೆ 8.64 ಎಂಬಿ. 28 ಚಾನೆಲ್, ಎರಡು ಗಂಟೆಯ ಶೋ ಅಂದರೆ ಸುಮಾರು 29 ಜಿಬಿ. ಎಸ್‌ಎಸ್‌ಡಿಯಲ್ಲಿ ಕನಿಷ್ಠ ಅದರ ಎರಡರಷ್ಟು ಜಾಗ ಖಾಲಿ ಇರಲಿ.

ಲೆವೆಲ್ ವಿಷಯದಲ್ಲಿ ಆಸೆ ಬೇಡ. ಜೋರಾದ ಜಾಗದಲ್ಲೂ ಮೀಟರ್ ಮೈನಸ್ 10, ಮೈನಸ್ 12 ಡಿಬಿ ದಾಟಬಾರದು. ಸೌಂಡ್ ಚೆಕ್‌ನಲ್ಲಿ ನುಡಿಸುವುದಕ್ಕಿಂತ ಶೋನಲ್ಲಿ ಎಲ್ಲರೂ ಜೋರಾಗಿ ನುಡಿಸುತ್ತಾರೆ. 24 ಬಿಟ್‌ನಲ್ಲಿ ಕಮ್ಮಿ ಇರುವುದನ್ನು ಏರಿಸಬಹುದು, ಒಡೆದುಹೋದ ಸದ್ದನ್ನು ಸರಿ ಮಾಡಲಾಗದು. ರೆಕಾರ್ಡಿಂಗ್‌ಗೆ ಹೋಗುವ ಸಿಗ್ನಲ್, ಹಾಲ್‌ಗಾಗಿ ಸದ್ದು ತಿದ್ದುವ ಈಕ್ಯೂ, ಕಂಪ್ರೆಸರ್, ಫೇಡರ್‌ಗಳಿಗಿಂತ ಮುಂಚೆಯೇ ಕವಲೊಡೆಯಬೇಕು. ಆದರೂ ಗೇನ್ (ಮೈಕ್‌ನ ಸಿಗ್ನಲ್ ಮಿಕ್ಸರ್ ಒಳಗೆ ಬರುವಾಗಲೇ ಏರಿಸುವ ಗುಂಡಿ) ಮಾತ್ರ ಹಾಲ್‌ಗೂ ರೆಕಾರ್ಡಿಂಗ್‌ಗೂ ಒಂದೇ. ಹಾಲ್‌ನ ಎಂಜಿನಿಯರ್ ನಡುವೆ ಗೇನ್ ತಿರುಗಿಸಿದರೆ ರೆಕಾರ್ಡಿಂಗ್‌ನಲ್ಲಿ ದನಿ ಧಡಕ್ಕನೆ ಏರಿಳಿಯುತ್ತದೆ. 'ಶೋ ಶುರುವಾದ ಮೇಲೆ ಗೇನ್ ಮುಟ್ಟಬೇಡಿ, ಫೇಡರ್‌ನಲ್ಲೇ ನೋಡಿಕೊಳ್ಳಿ' ಅಂತ ಮೊದಲೇ ಕೇಳಿಕೊಳ್ಳಿ.

ಚಾನೆಲ್ ಪಟ್ಟಿ ಹೀಗಿರಬಹುದು: ಡ್ರಮ್ಸ್‌ಗೆ ಏಳೆಂಟು, ಬೇಸ್‌ಗೆ ಡಿಐ (ವಾದ್ಯದ ಕೇಬಲ್ ಅನ್ನು ನೇರ ಮಿಕ್ಸರ್‌ಗೆ ಸೇರಿಸುವ ಪೆಟ್ಟಿಗೆ) ಒಂದು, ಎಲೆಕ್ಟ್ರಿಕ್ ಗಿಟಾರ್ ಆಂಪ್‌ಗೆ ಒಂದು, ನಿಮ್ಮ ಗಿಟಾರ್‌ಗೆ ಡಿಐ, ಕೀಬೋರ್ಡ್‌ಗೆ ಎರಡು, ತಬಲಾದ ಬಲಕ್ಕೊಂದು ಎಡಕ್ಕೊಂದು, ಢೋಲಕ್‌ಗೆ ಎರಡು, ಕೊಳಲು, ಪಿಟೀಲು, ನಿಮ್ಮ ದನಿ, ಸಹಗಾಯಕರು, ಕ್ಲಿಕ್, ಜನರ ಮೈಕ್ ನಾಲ್ಕು. ಪಿಟೀಲಿಗೆ ಪಿಕಪ್ ಮಾತ್ರ ಸಾಲದು, ಕ್ಲಿಪ್ ಮೈಕ್ ಕೂಡ ಇರಲಿ. ಪಿಕಪ್‌ನಿಂದ ಬರುವ ಸದ್ದಿಗೆ ಮರದ ಒಡಲು ಇರುವುದಿಲ್ಲ.

ಒಂದು ಮೈಕ್‌ಗೆ ಪಕ್ಕದ ವಾದ್ಯ ಕೇಳುವುದು ಇದ್ದದ್ದೇ. ಅದನ್ನು ಬ್ಲೀಡ್ ಅನ್ನುತ್ತಾರೆ. ಡ್ರಮ್ಸ್ ಎದುರಿಗೇ ನೀವು ನಿಂತರೆ ನಿಮ್ಮ ಮೈಕ್‌ನಲ್ಲಿ ಡ್ರಮ್ಸ್‌ನ ತಾಟಿನ (ಸಿಂಬಲ್) ಸದ್ದು ದನಿಯಷ್ಟೇ ಇರುತ್ತದೆ. ಡ್ರಮ್ಸ್ ಒಂದು ಬದಿಗೆ ಇಡಿ. ವೇದಿಕೆ ಮೇಲಿನ ಸ್ಪೀಕರ್ ಬದಲು ಕಿವಿಯೊಳಗಿನ ಮಾನಿಟರ್ ಬಳಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ನಿಮಗೆ ಅದು ರೂಢಿ ಇಲ್ಲದಿದ್ದರೆ ರೆಕಾರ್ಡಿಂಗ್ ದಿನವೇ ಹೊಸದಾಗಿ ಹಾಕಿಕೊಳ್ಳಬೇಡಿ. ಕೆಲವು ವಾರ ಮುಂಚೆ ಶುರು ಮಾಡಿ.

ಕರೆಂಟ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲೈಟಿಂಗ್ ಒಂದು ಫೇಸ್, ಸೌಂಡ್ ಇನ್ನೊಂದು ಫೇಸ್. ಹಮ್ (ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು) ಬಂದರೆ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ ನೋಡಿ. ಪ್ಲಗ್‌ನ ಅರ್ತ್ ಪಿನ್ ಮುರಿಯುವುದು, ವೈರ್ ಕೀಳುವುದು ಮಾತ್ರ ಬೇಡವೇ ಬೇಡ. ಗಿಟಾರ್ ತಂತಿ ಮತ್ತು ಮೈಕ್ ಎರಡನ್ನೂ ಮುಟ್ಟುವುದು ನೀವೇ, ಜೀವಕ್ಕೇ ಅಪಾಯ. ಮಿಕ್ಸರ್ ಮತ್ತು ಲ್ಯಾಪ್‌ಟಾಪ್ ಯುಪಿಎಸ್ ಮೇಲಿರಲಿ. ಹಾಲ್ ಕತ್ತಲಾಗಿ ಜನರೇಟರ್ ಶುರುವಾಗುವ ಆ ಹತ್ತು ಸೆಕೆಂಡ್‌ನಲ್ಲಿ ಫೈಲ್ ಕೆಡಬಾರದು.

ಜನರ ಮೈಕ್

ಇಡೀ ಮಾರ್ಗದರ್ಶಿಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಜನ ನಿಮ್ಮ ಬ್ಯಾಂಡ್‌ನ ಒಬ್ಬ ಸದಸ್ಯ. ಡ್ರಮ್ಸ್‌ಗೆ ಎಂಟು ಮೈಕ್ ಇಟ್ಟು ಜನರಿಗೆ ಒಂದನ್ನೂ ಇಡದ ರೆಕಾರ್ಡಿಂಗ್‌ಗಳು ಬೇಕಾದಷ್ಟಿವೆ. ಕೇಳಿದರೆ ಖಾಲಿ ಕೋಣೆಯಲ್ಲಿ ಹಾಡಿದಂತಿರುತ್ತದೆ. ಆಮೇಲೆ ಯಾವುದೋ ಲೈಬ್ರರಿಯ ಚಪ್ಪಾಳೆ ಅಂಟಿಸುತ್ತಾರೆ. ಅದು ಬೇರೆ ಊರಿನ ಚಪ್ಪಾಳೆ. ನಮ್ಮ ಜನರ ಶಿಳ್ಳೆ, 'ಒನ್ಸ್ ಮೋರ್', ಮುಂದಿನ ಸಾಲಿನ ಮಗುವಿನ ಕೂಗು ಅದರಲ್ಲಿ ಇರುವುದಿಲ್ಲ.

ಸಣ್ಣ ಡಯಾಫ್ರಂನ ಕಂಡೆನ್ಸರ್ ಮೈಕ್ ಎರಡು ವೇದಿಕೆಯ ಎಡ ಬಲ ತುದಿಯಲ್ಲಿ, ಬೆನ್ನು ಸ್ಪೀಕರ್ ಕಡೆ, ಮುಖ ಜನರ ಕಡೆ. ಇನ್ನೆರಡು ಹಾಲ್‌ನ ನಡುವೆ ಅಥವಾ ಮಿಕ್ಸರ್ ಹತ್ತಿರ, ತಲೆಗಳಿಗಿಂತ ಎತ್ತರದಲ್ಲಿ. ಒಬ್ಬನೇ ಒಬ್ಬ ಉತ್ಸಾಹಿಯ ಬಾಯಿಗೆ ಹತ್ತಿರ ಆಗದಂತೆ ನೋಡಿಕೊಳ್ಳಿ. ಮಿಕ್ಸರ್ ಹತ್ತಿರದ ಮೈಕ್ ಆದರೆ ಎಂಜಿನಿಯರ್ ವಾಕಿಟಾಕಿಯಲ್ಲಿ ಮಾತಾಡಿದ್ದೆಲ್ಲ ಅದರಲ್ಲಿ ಬರುತ್ತದೆ ಅಂತ ಅವರಿಗೂ ಹೇಳಿ.

ಈಗ ಒಂದು ಸೂಕ್ಷ್ಮ. ಸದ್ದು ಒಂದು ಮೀಟರ್ ಹೋಗಲು ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ಬೇಕು. ವೇದಿಕೆಯಿಂದ 25 ಮೀಟರ್ ದೂರದ ಮೈಕ್‌ಗೆ ಡ್ರಮ್ಸ್ ಸದ್ದು ಸುಮಾರು 72 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಹಾಗೇ ಮಿಕ್ಸ್ ಮಾಡಿದರೆ ಪ್ರತಿ ಪೆಟ್ಟಿಗೂ ಎರಡನೇ ಪೆಟ್ಟು ಕೇಳುತ್ತದೆ, ಹಾಡು ಮಸುಕಾಗುತ್ತದೆ. ಪರಿಹಾರ ಸುಲಭ. ಶೋ ಶುರುವಿಗೆ ಮುಂಚೆ ಡ್ರಮ್ಮರ್ ಸ್ನೇರ್ ಮೇಲೆ ನಾಲ್ಕು ಬಿಡಿ ಪೆಟ್ಟು ಹಾಕಲಿ. ಕಂಪ್ಯೂಟರ್‌ನಲ್ಲಿ ಆ ಪೆಟ್ಟಿನ ಮೊನೆ ಸ್ನೇರ್ ಟ್ರ್ಯಾಕ್‌ನಲ್ಲಿ ಎಲ್ಲಿದೆ, ಜನರ ಟ್ರ್ಯಾಕ್‌ನಲ್ಲಿ ಎಲ್ಲಿದೆ ನೋಡಿ, ಜನರ ಟ್ರ್ಯಾಕ್ ಅನ್ನು ಅಷ್ಟು ಹಿಂದಕ್ಕೆ ಎಳೆದು ಕೂರಿಸಿ. ಆಗ ಇನ್ನೊಂದೂ ಸರಿಯಾಗುತ್ತದೆ: ಹಿಂದೆ ಕೂತವರಿಗೆ ಹಾಡೇ ತಡವಾಗಿ ಕೇಳುತ್ತಿರುತ್ತದೆ, ಅವರ ಚಪ್ಪಾಳೆಯೂ ಅಷ್ಟೇ ತಡ. ಟ್ರ್ಯಾಕ್ ಸರಿಸಿದಾಗ ಅವರ ಚಪ್ಪಾಳೆಯೂ ತಾಳಕ್ಕೆ ಬಂದು ಕೂರುತ್ತದೆ.

ಆ ದಿನ

ಸೌಂಡ್ ಚೆಕ್ ಅನ್ನೇ ಪೂರ್ತಿ ರೆಕಾರ್ಡ್ ಮಾಡಿ. ಎರಡು ಹಾಡು ನುಡಿಸಿ, ನಿಲ್ಲಿಸಿ, ಹೆಡ್‌ಫೋನ್‌ನಲ್ಲಿ ಒಂದೊಂದೇ ಚಾನೆಲ್ ಸೋಲೋ ಮಾಡಿ ಕೇಳಿ. ಪರದೆ ಮೇಲೆ ಅಲೆ ಕಾಣುತ್ತಿದೆ ಅಂದರೆ ಸಾಲದು, ಕಿವಿಗೆ ಕೇಳಬೇಕು. ಸೌಂಡ್ ಚೆಕ್‌ನ ಈ ರೆಕಾರ್ಡಿಂಗ್ ಅಳಿಸಬೇಡಿ, ಒಂದು ಗಿಟಾರ್ ಸಾಲು ಕೆಟ್ಟಿದ್ದರೆ ಅದೇ ಹಾಲ್‌ನ, ಅದೇ ಮೈಕ್‌ನ ಸಾಲು ಅಲ್ಲಿ ಸಿಗುತ್ತದೆ. ಶೋಗೆ ಹದಿನೈದು ನಿಮಿಷ ಮುಂಚೆಯೇ ರೆಕಾರ್ಡಿಂಗ್ ಶುರು ಮಾಡಿ, ಕೊನೆಯ ಪ್ರೇಕ್ಷಕ ಎದ್ದು ಹೋಗುವ ತನಕ ನಿಲ್ಲಿಸಬೇಡಿ. ಹಾಡುಗಳ ನಡುವೆ ನಿಲ್ಲಿಸುವುದಂತೂ ಬೇಡ.

ಹಾಡು ನಡುವೆ ಕೆಟ್ಟರೆ? ನಿಲ್ಲಿಸಿ, ಜನರಿಗೆ ಹೇಳಿ, ಮತ್ತೆ ಹಾಡಿ. ರೆಕಾರ್ಡಿಂಗ್ ಅಂತ ಗೊತ್ತಿರುವ ಜನ ಎರಡನೇ ಸಲ ಇನ್ನೂ ಜೋರಾಗಿ ಸೇರಿಕೊಳ್ಳುತ್ತಾರೆ.

ಮನೆಗೆ ಹೊರಡುವ ಮುಂಚೆ ಫೈಲ್‌ಗಳ ಪ್ರತಿ ಎರಡು ಬೇರೆ ಡ್ರೈವ್‌ಗೆ ಆಗಬೇಕು. ಎರಡು ಡ್ರೈವ್ ಇಬ್ಬರ ಬ್ಯಾಗ್‌ನಲ್ಲಿ, ಬೇರೆ ಬೇರೆ ಗಾಡಿಯಲ್ಲಿ ಹೋಗಲಿ.

ಆಯ್ಕೆ, ಮಿಕ್ಸ್, ಮತ್ತು ಎಷ್ಟು ತಿದ್ದಬಹುದು ಅನ್ನುವ ಪ್ರಶ್ನೆ

ಎರಡು ವಾರ ಕೇಳಬೇಡಿ. ಶೋ ಮರುದಿನ ಕೇಳಿದರೆ ನಿಮ್ಮ ತಪ್ಪುಗಳಷ್ಟೇ ಕಿವಿಗೆ ಬೀಳುತ್ತವೆ. ಆಮೇಲೆ ಎಂಜಿನಿಯರ್ ಕೊಟ್ಟ ಕಚ್ಚಾ ಮಿಕ್ಸ್ ಅನ್ನು ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಕೆಲಸ ಮಾಡುತ್ತಾ ಕೇಳಿ. ಯಾವ ಹಾಡಿಗೆ ಕೈ ನಿಲ್ಲುತ್ತದೋ ಅದು ಆಲ್ಬಂಗೆ. ಎರಡು ಗಂಟೆಯ ಶೋ ಇದ್ದರೂ ಆಲ್ಬಂಗೆ 60ರಿಂದ 75 ನಿಮಿಷ ಸಾಕು. ಸಿಡಿ ತರುವುದಾದರೆ 80 ನಿಮಿಷದ ಮಿತಿಯೂ ಇದೆ.

ಮಿಕ್ಸ್ ಶುರು ಮಾಡುವಾಗ ಮೊದಲು ಜನರ ಮೈಕ್ ಮತ್ತು ಡ್ರಮ್ಸ್‌ನ ಓವರ್‌ಹೆಡ್ (ಡ್ರಮ್ಸ್ ಮೇಲೆ ಎತ್ತರದಲ್ಲಿಟ್ಟ ಮೈಕ್) ಎರಡನ್ನೇ ಏರಿಸಿ ಕೇಳಿ. ಹಾಲ್ ಕಣ್ಣ ಮುಂದೆ ನಿಲ್ಲುತ್ತದೆ. ಅದರ ಮೇಲೆ ಒಂದೊಂದೇ ವಾದ್ಯ ಸೇರಿಸುತ್ತಾ ಹೋಗಿ. ಬ್ಲೀಡ್ ತೆಗೆಯಲು ಗೇಟ್ (ಸದ್ದು ಕಮ್ಮಿ ಆದಾಗ ಮೈಕ್ ಅನ್ನು ತಾನಾಗಿ ಮುಚ್ಚುವ ವ್ಯವಸ್ಥೆ) ಬಿಗಿಯಾಗಿ ಹಾಕಿದರೆ ಹಾಡು ತುಂಡು ತುಂಡಾಗಿ ಕೇಳುತ್ತದೆ. ಹಾಡದೇ ಇರುವಾಗ ಆ ಮೈಕ್ ಅನ್ನು ಕೈಯಿಂದಲೇ ಆರೇಳು ಡಿಬಿ ಇಳಿಸುವುದು ವಾಸಿ. ಹಾಡಿನ ನಡುವೆ ಜನರ ಮೈಕ್ ಸಂಪೂರ್ಣ ಮುಚ್ಚಿ, ಕೊನೆಗೆ ತೆರೆದರೆ ಚಪ್ಪಾಳೆ ಬಾಗಿಲು ತೆಗೆದ ಹಾಗೆ ನುಗ್ಗುತ್ತದೆ. ಉದ್ದಕ್ಕೂ ಸ್ವಲ್ಪ ಇರಲಿ.

ತಿದ್ದುವ ವಿಷಯದಲ್ಲಿ ನನ್ನ ನಿಲುವು ಖಚಿತ. ಇನ್ನೊಂದು ರಾತ್ರಿಯ ಅದೇ ಸಾಲು ಹಾಕುವುದು ಸರಿ. ಬೇಸ್‌ನ ಒಂದು ತಪ್ಪು ಸ್ವರ ಸರಿ ಮಾಡುವುದು ಸರಿ. ಹಮ್, ಮೈಕ್ ತಟ್ಟಿದ ಸದ್ದು ತೆಗೆಯುವುದು ಸರಿ. ಆದರೆ ಸ್ಟುಡಿಯೋಗೆ ಹೋಗಿ ಪೂರ್ತಿ ದನಿಯನ್ನು ಮತ್ತೆ ಹಾಡಿ ಲೈವ್ ಅಂತ ಹೆಸರಿಡುವುದು ಕೇಳುಗರಿಗೆ ಮಾಡುವ ಮೋಸ. ಎತ್ತರದ ಸ್ವರದಲ್ಲಿ ದನಿ ಸ್ವಲ್ಪ ಒಡೆದಿದ್ದರೆ ಬಿಡಿ. ಆ ಕ್ಷಣದಲ್ಲಿ ಜನ ಕೂಗಿದ್ದು ಅದಕ್ಕೇ.

ಮಾಸ್ಟರಿಂಗ್, ಅಂದರೆ ಮಿಕ್ಸ್ ಆದ ಹಾಡುಗಳಿಗೆ ಕೊಡುವ ಕೊನೆಯ ಹದ, ಬೇರೆಯವರ ಕೈಗೆ ಕೊಡಿ. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14, ಆಪಲ್ ಮ್ಯೂಸಿಕ್ ಮೈನಸ್ 16 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರು ಅನ್ನುವ ಅಳತೆ) ಮಟ್ಟಕ್ಕೆ ತರುತ್ತವೆ. ಹಿಂಡಿ ಹಿಂಡಿ ಜೋರು ಮಾಡಿದರೆ ಲಾಭ ಇಲ್ಲ, ಚಪ್ಪಾಳೆ ಮಾತ್ರ ಕರ್ಕಶ ಆಗುತ್ತದೆ.

ಟ್ರ್ಯಾಕ್ ಕತ್ತರಿಸುವ ಜಾಗಕ್ಕೂ ತಲೆ ಕೆಡಿಸಿಕೊಳ್ಳಿ. ಹಾಡಿಗೆ ಮುಂಚಿನ ನಿಮ್ಮ ಮಾತು ಹಿಂದಿನ ಟ್ರ್ಯಾಕ್‌ನ ಬಾಲವಾಗಿರಲಿ. ಆಗ ಪೂರ್ತಿ ಆಲ್ಬಂ ಕೇಳುವವರಿಗೆ ಮಾತು ಸಿಗುತ್ತದೆ, ಪ್ಲೇಲಿಸ್ಟ್‌ನಲ್ಲಿ ಒಂದೇ ಹಾಡು ಕೇಳುವವರಿಗೆ ಹಾಡು ನೇರ ಶುರುವಾಗುತ್ತದೆ. ಎರಡು ಫೈಲ್ ನಡುವೆ ಫೇಡ್ ಆಗಲಿ ಖಾಲಿ ಜಾಗವಾಗಲಿ ಬೇಡ, ಚಪ್ಪಾಳೆ ಒಂದರಿಂದ ಇನ್ನೊಂದಕ್ಕೆ ಹರಿಯಬೇಕು. ಮೂರು ನಿಮಿಷದ ಕಥೆ ಹೇಳಿದ್ದೀರಾ? ಅದನ್ನು ಬೇರೆಯೇ ಟ್ರ್ಯಾಕ್ ಮಾಡಿ.

ಬಿಡುಗಡೆ

ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿಯಂಥ ವಿತರಕರ ಮೂಲಕ ಎಲ್ಲ ಕಡೆ ಹೋಗುತ್ತದೆ. ಪ್ರತಿ ಹಾಡಿಗೂ ಹೊಸ ಐಎಸ್‌ಆರ್‌ಸಿ (ಒಂದೊಂದು ರೆಕಾರ್ಡಿಂಗ್‌ನ ಗುರುತಿನ) ಸಂಖ್ಯೆ ಬೇಕು. ಸ್ಟುಡಿಯೋ ಹಾಡಿನ ಹಳೆಯ ಸಂಖ್ಯೆ ಹಾಕಿದರೆ ಎರಡೂ ಕಲಸಿಹೋಗುತ್ತವೆ. ಹಾಡಿನ ಹೆಸರಿನ ಜೊತೆ ಲೈವ್ ಅಂತ ಇರಲಿ, ಭಾಷೆ ಕನ್ನಡ ಅಂತ ಆರಿಸಿ. ಹೆಸರು ಕನ್ನಡ ಲಿಪಿಯಲ್ಲೋ ಇಂಗ್ಲಿಷ್ ಲಿಪಿಯಲ್ಲೋ ಒಂದನ್ನು ತೀರ್ಮಾನಿಸಿ ಇಡೀ ಆಲ್ಬಂಗೆ ಅದನ್ನೇ ಇಡಿ. ಮುಖಪುಟ 3000 ಗುಣಿಲೆ 3000 ಪಿಕ್ಸೆಲ್.

ಫೈಲ್‌ಗಳನ್ನು ಬಿಡುಗಡೆಗೆ ನಾಲ್ಕು ವಾರ ಮುಂಚೆಯೇ ಕಳಿಸಿ. ಸ್ಪಾಟಿಫೈ ಸಂಪಾದಕರಿಗೆ ಒಂದು ಹಾಡನ್ನು ಕನಿಷ್ಠ 7 ದಿನ ಮುಂಚೆ ಸೂಚಿಸಬಹುದು. ಜನ ಜೊತೆಗೆ ಹಾಡಿದ ಹಾಡನ್ನೇ ಕೊಡಿ. ಅಲ್ಲಿ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದೆ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಸ್ಟ್ರೀಮಿಂಗ್ ಹಣ ನಂಬಿ ಬಜೆಟ್ ಹಾಕಬೇಡಿ. ಖರ್ಚು ವಾಪಸ್ ಬರುವುದು ಟಿಕೆಟ್, ಮುಂಗಡ ಖರೀದಿ, ಶೋ ಆದ ಮೇಲೆ ಮೇಜಿನ ಮೇಲಿಟ್ಟ ಸಿಡಿ ಮತ್ತು ಕ್ಯೂಆರ್ ಕೋಡ್‌ನಿಂದ. ಹೊರದೇಶದ ಕನ್ನಡ ಸಂಘಗಳಿಗೆ ಆಲ್ಬಂನ ಎರಡು ಹಾಡು ಕಳಿಸಿ. ಪೂರ್ತಿ ಬ್ಯಾಂಡ್ ಕರೆಸಬೇಕೋ ಬೇಡವೋ ಅಂತ ಯೋಚಿಸುವವರಿಗೆ ಅದಕ್ಕಿಂತ ಒಳ್ಳೆಯ ಪರಿಚಯ ಇಲ್ಲ.

ಯೂಟ್ಯೂಬ್‌ನಲ್ಲಿ ವಿಡಿಯೋ ಹಾಕುವವರು ವಿತರಕರ ಹತ್ತಿರ ಕಂಟೆಂಟ್ ಐಡಿ (ನಿಮ್ಮ ಹಾಡು ಬಳಸಿದ ವಿಡಿಯೋಗಳನ್ನು ತಾನಾಗಿ ಪತ್ತೆ ಹಚ್ಚುವ ಯೂಟ್ಯೂಬ್ ವ್ಯವಸ್ಥೆ) ಆರಿಸಿದ್ದರೆ ನಿಮ್ಮದೇ ಚಾನೆಲ್‌ಗೆ ಹಕ್ಕಿನ ನೋಟಿಸ್ ಬರುತ್ತದೆ. ಚಾನೆಲ್ ಅನ್ನು ಮೊದಲೇ ವಿನಾಯಿತಿ ಪಟ್ಟಿಗೆ ಸೇರಿಸಿಕೊಳ್ಳಿ. ನೀವು ಐಪಿಆರ್‌ಎಸ್ ಸದಸ್ಯರಾಗಿ, ಸಾಹಿತ್ಯ ಮತ್ತು ಸಂಯೋಜನೆಯ ಪಾಲು ನಮೂದಿಸಿ ಹಾಡುಗಳನ್ನು ನೋಂದಾಯಿಸಿ. ಬ್ಯಾಂಡ್ ಜೊತೆ ಬರೆದ ಆ ಒಂದು ಪುಟ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೂಲ ಫೈಲ್‌ಗಳನ್ನು ಬಿಡುಗಡೆ ಆದ ಮೇಲೂ ಅಳಿಸಬೇಡಿ. ಅದೇ ಫೋಲ್ಡರ್‌ನಲ್ಲಿ ಚಾನೆಲ್ ಪಟ್ಟಿ, ಯಾವ ಮೈಕ್ ಎಲ್ಲಿತ್ತು ಅನ್ನುವ ಒಂದು ಚಿತ್ರ, ಎಲ್ಲರ ಒಪ್ಪಂದದ ಪ್ರತಿ ಇರಲಿ. ಮುಂದೆ ಒಂದು ಹಾಡನ್ನು ಸಿನಿಮಾದವರು ಕೇಳಿದರೆ, ಬೇರೆ ಮಿಕ್ಸ್ ಬೇಕಾದರೆ, 17ನೇ ಟ್ರ್ಯಾಕ್ ಕೊಳಲೋ ಪಿಟೀಲೋ ಅಂತ ಹುಡುಕುತ್ತಾ ಕೂರಬೇಕಾಗಿಲ್ಲ.